ಚಿತ್ರದವರ ನರ

ನಮ್ಮಪ್ಪನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಭುಜ ನೆನಪಿರುತ್ತಿತ್ತು. ಬೀದಿಯಲ್ಲಿ ಯಾರಾದರೂ ಅಡ್ಡ ನಿಂತು ಕುಶಲ ವಿಚಾರಿಸಿದರೆ ಇವರು ತಲೆಯಾಡಿಸಿ, ನಕ್ಕು, ಹೂಂಗುಟ್ಟಿ ಕಳಿಸುತ್ತಿದ್ದರು. ಅವರು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋದ ಮೇಲೆ, "ಓಹೋ, ಬಲಭುಜ ಇಳಿದಿರೋ ಪೋಸ್ಟ್ ಮಾಸ್ಟರು" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಪೋಸ್ಟ್ ಮಾಸ್ಟರು ಮೂಲೆ ದಾಟಿರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ಅಮ್ಮನನ್ನು ಬಿಟ್ಟು ಬೇರೆ ಯಾವಳದೋ ಹಿಂದೆ ಹೊರಟುಬಿಟ್ಟಿದ್ದರಂತೆ. ಅಮ್ಮ ಇದನ್ನು ಕೊನೆಯವರೆಗೂ ಎತ್ತಿ ಆಡುತ್ತಿದ್ದಳು. ಅದಕ್ಕೆ ಅಪ್ಪನದು ಒಂದೇ ಸಮಜಾಯಿಷಿ: ಆಕೆಯ ಭುಜವೂ ಹಾಗೇ ಇತ್ತು.

ಅವರ ಕೆಲಸವೇ ಅಂಥದು. ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅವರು ಚಿತ್ರ ಬರೆಯುವವರು. ದಾನವಾಗಿ ಬಂದ ದೇಹಗಳನ್ನು ಪದರ ಪದರವಾಗಿ ಬಿಡಿಸಿ ವಿದ್ಯಾರ್ಥಿಗಳು ಪಾಠ ಕಲಿಯುವ ಜಾಗ ಅದು. ಅಲ್ಲಿ ಬಿಡಿಸಿದ್ದನ್ನು ಅಪ್ಪ ನೋಡಿ ಬಟ್ಟೆಯ ಮೇಲೆ ದೊಡ್ಡದಾಗಿ ಬರೆಯಬೇಕು, ಅದು ಪಾಠದ ಹಾಲಿನ ಗೋಡೆಗೆ ಏರಬೇಕು. ಇಡೀ ಕಾಲೇಜಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ‘ಚಿತ್ರದವರು’.

ಅಮ್ಮನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮಧ್ಯಾಹ್ನದ ಪಾಳಿ. ಹಾಗಾಗಿ ಶಾಲೆ ಬಿಟ್ಟೊಡನೆ ನಾನು ಅಪ್ಪನ ಕೋಣೆಗೆ ಹೋಗುತ್ತಿದ್ದೆ. ಉದ್ದನೆಯ ಇಕ್ಕಟ್ಟು ಕೋಣೆ. ಒಂದು ಬಾಗಿಲು ಪಾಠದ ಹಾಲಿಗೆ, ಇನ್ನೊಂದು ದೇಹಗಳಿರುವ ಹಾಲಿಗೆ. ಎರಡನೆಯದಕ್ಕೆ ಮಬ್ಬು ಗಾಜು. ಆ ಗಾಜಿನ ಬಾಗಿಲನ್ನು ನಾನು ಯಾವ ಕಾರಣಕ್ಕೂ ತೆರೆಯಬಾರದು ಎಂಬುದು ಅಲ್ಲಿನ ಏಕೈಕ ಕಾನೂನು. ನಾನು ಮುರಿಯದೆ ಉಳಿಸಿದ ಏಕೈಕ ಕಾನೂನೂ ಅದೇ. ಕೋಣೆಯಲ್ಲಿ ಫಾರ್ಮಲಿನ್ ವಾಸನೆ, ಟರ್ಪೆಂಟೈನ್ ವಾಸನೆ, ಅಪ್ಪನ ಚಹಾದ ವಾಸನೆ ಮೂರೂ ಸೇರಿ ಒಂದಾಗಿದ್ದವು. ಈಗಲೂ ಎಲ್ಲಾದರೂ ಗೋಡೆಗೆ ಬಣ್ಣ ಹಚ್ಚುತ್ತಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಇಂಥ ವಾಸನೆಗೂ ಹಂಬಲಿಸುವವರು ಇದ್ದಾರೆಯೇ ಎಂದು ನಗಬಹುದು. ನಾನು ಹಂಬಲಿಸುತ್ತೇನೆ.

ಅಪ್ಪನ ಜೊತೆಗಾರ ಎಂದರೆ ಚಿಮಟದಣ್ಣ. ದೇಹಗಳಿರುವ ಹಾಲಿನ ಸಹಾಯಕ. ಚರ್ಮ, ಕೊಬ್ಬು ಎಲ್ಲ ಸರಿಸಿ ಒಂದೊಂದೇ ನರವನ್ನು ಬಿಡಿಸಿ ಇಡುವುದರಲ್ಲಿ ಅವನನ್ನು ಮೀರಿಸಿದ ಡಾಕ್ಟರು ಆ ಕಟ್ಟಡದಲ್ಲಿ ಇರಲಿಲ್ಲ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವನು ಚಿಮಟ ಸಿಕ್ಕಿಸಿಕೊಳ್ಳುತ್ತಿದ್ದ. ಒಂದು ದಿನ ನನ್ನ ಡಬ್ಬಿಯಿಂದ ಬಿಸ್ಕತ್ತನ್ನು ಅದರಲ್ಲೇ ಎತ್ತಿ ತಿಂದು, ಇದು ಬೇರೆ ಚಿಮಟ, ಇದು ಬೇರೆ ಚಿಮಟ ಎಂದು ಆಣೆ ಇಟ್ಟ. ಆಮೇಲೆ ಒಂದು ವಾರ ನಾನು ಡಬ್ಬಿ ತೆರೆಯಲಿಲ್ಲ.

ಅವರಿಬ್ಬರ ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ಕ್ರಮವಿತ್ತು; ಗಾಜಿನ ಆಚೆಯದೆಲ್ಲ ಅಪ್ಪ ಹೇಳಿ ನನಗೆ ಗೊತ್ತು. ಅಪ್ಪ ಹಲಗೆಯ ಮೇಲೆ ತೆಳು ಹಾಳೆ ಸಿಕ್ಕಿಸಿಕೊಂಡು ಮೇಜಿನ ಪಕ್ಕ ನಿಲ್ಲುತ್ತಿದ್ದರು. ಚಿಮಟದಣ್ಣ ಒಂದು ನರವನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಿದ್ದ. ಅಪ್ಪ ಅದನ್ನು ಪೆನ್ಸಿಲಿನಲ್ಲಿ ಬರೆದ ಮೇಲೆ ಅವನು ಹಾಳೆಯನ್ನೂ ಕೈಯನ್ನೂ ಎರಡೆರಡು ಸಲ ನೋಡಿ ಆ ಗೆರೆಯ ಪಕ್ಕ ತನ್ನ ಗುರುತು ಹಾಕುತ್ತಿದ್ದ, ಒಂದು ಸಣ್ಣ ಸೊನ್ನೆ, ಅದರೊಳಗೆ ಚುಕ್ಕಿ. ಆ ಗುರುತು ಬೀಳದ ಗೆರೆ ಬಟ್ಟೆಗೆ ಏರುವಂತಿರಲಿಲ್ಲ. ಆಮೇಲೆ ಅಪ್ಪ ಹಾಳೆಯ ಹಿಂಬದಿಗೆ ಇದ್ದಿಲ ಪುಡಿ ಸವರಿ, ಬಟ್ಟೆಯ ಮೇಲೆ ಇಟ್ಟು, ಗೆರೆಗಳ ಮೇಲೆ ಮತ್ತೆ ಪೆನ್ಸಿಲ್ ಎಳೆಯುತ್ತಿದ್ದರು. ದೊಡ್ಡದು ಮಾಡಬೇಕಿದ್ದರೆ ನಡುವೆ ಇನ್ನೊಂದು ಹಾಳೆಯಲ್ಲಿ ಚೌಕ ಹಾಕಿ ಹಿಗ್ಗಿಸಿಕೊಳ್ಳುತ್ತಿದ್ದರು. ಬಟ್ಟೆಯ ಮೇಲೆ ಮೂಡಿದ ಆ ಮಸುಕು ಗೆರೆ ಬಣ್ಣ ಬಿದ್ದೊಡನೆ ಮಾಯವಾಗುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ಅರ್ಧ ಆಯುಸ್ಸನ್ನು ತಿಂದದ್ದು ಇದೇ.

ಭುಜದ ನರಗಳನ್ನು ಅಪ್ಪ ನನಗೆ ನನ್ನ ತೋಳಿನ ಮೇಲೆಯೇ ಕಲಿಸಿದರು. ಅಮ್ಮನ ಸ್ವೆಟರಿನಲ್ಲಿ ಉಳಿದ ಹಳದಿ ಉಣ್ಣೆ ನೂಲು ಅವರ ಮೇಜಿನ ಸೆಳೆಖಾನೆಯಲ್ಲಿ ಇರುತ್ತಿತ್ತು. ಕತ್ತಿನಿಂದ ಐದು ಎಳೆ ಇಳಿಸುತ್ತಿದ್ದರು. ಮೇಲಿನ ಎರಡು ಕೂಡಿ ಒಂದು, ಕೆಳಗಿನ ಎರಡು ಕೂಡಿ ಒಂದು, ನಡುವಿನದು ಒಂಟಿ. ಹೀಗೆ ಮೂರಾದದ್ದು ಒಂದೊಂದೂ ಎರಡಾಗಿ ಸೀಳುತ್ತದೆ, ಸೀಳಿದ ಆರೂ ಅದಲುಬದಲಾಗಿ ಮತ್ತೆ ಮೂರಾಗುತ್ತವೆ, ಕಂಕುಳಲ್ಲಿ ಐದಾಗಿ ತೋಳಿಗೆ ಇಳಿಯುತ್ತವೆ. ಅದು ನಿನ್ನ ಜಡೆಯ ಹಾಗೇ, ಆದರೆ ಹೆಣೆದವನಿಗೆ ಗಮನ ಬೇರೆಲ್ಲೋ ಇತ್ತು ಎನ್ನುತ್ತಿದ್ದರು. ಕಂಕುಳಿಗೆ ಬಂದಾಗ ನನಗೆ ಕಚಗುಳಿಯಾಗಿ ಎಳೆಗಳೆಲ್ಲ ಚೆದುರಿ ಪಾಠ ಮತ್ತೆ ಕತ್ತಿನಿಂದ ಶುರುವಾಗುತ್ತಿತ್ತು.

ಪಾಠದ ಕೊನೆಗೆ ಅವರು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು.

"ಇದೆಲ್ಲ ಪುಸ್ತಕದ ಕೈ. ನಿಜವಾದ ಕೈ ಹತ್ತು ನೋಡಿದ್ರೆ ಹತ್ತು ಥರ ಇರತ್ತೆ. ಒಂದು ನರ ತಡವಾಗಿ ಸೇರತ್ತೆ, ಒಂದು ಸೇರೋದೇ ಇಲ್ಲ, ಒಂದು ಯಾರೂ ಕರೀದೆ ಇನ್ನೊಂದರ ಮನೆಗೆ ಹೋಗತ್ತೆ. ಆದ್ರೂ ಎಲ್ಲರೂ ತುತ್ತನ್ನ ಬಾಯಿಗೇ ಇಡ್ತಾರೆ, ನೋಡು."

ನನಗೆ ಒಂಬತ್ತು ತುಂಬಿದ ವರ್ಷ ದೊಡ್ಡ ಮೇಷ್ಟ್ರು ತೋಳಿನ ನರಗಳ ಭಾರಿ ಚಿತ್ರವೊಂದನ್ನು ಬರೆಯಲು ಹೇಳಿದರು. ದೊಡ್ಡ ಮೇಷ್ಟ್ರು ಎಂದರೆ ವಿಭಾಗದ ಮುಖ್ಯಸ್ಥರು. ಓದಿಕೊಂಡವರು, ಕೆಟ್ಟವರಲ್ಲ, ಆದರೆ ಮೂಗಿನ ತುದಿಯಲ್ಲೇ ಕೋಪ. ಕೈಯ ಎರಡರಷ್ಟು ದೊಡ್ಡದಾಗಿ ಬರಬೇಕು, ಕೊನೆಯ ಬೆಂಚಿನವನಿಗೂ ಕಾಣಬೇಕು, ಹೊರಗಿನ ಪರೀಕ್ಷಕರು ಬರುವುದರೊಳಗೆ ಗೋಡೆಯ ಮೇಲಿರಬೇಕು. ಅಪ್ಪ, ಚಿಮಟದಣ್ಣ ಒಂದು ಕೈಯನ್ನು ಆರಿಸಿ ಐದು ಹಾಳೆಗಳಲ್ಲಿ ಬರೆದುಕೊಂಡರು. ಕಂಕುಳಿನಿಂದ ಮೊಣಕೈವರೆಗಿನದು ಮೂರನೆಯ ಹಾಳೆ. ಅಪ್ಪ ಅದನ್ನು ಬಟ್ಟೆಗೆ ಇಳಿಸಿ ಮುಗಿಸಿದ ವಾರ ಅಂಗಳದಲ್ಲಿ ಚೆಂಡಾಟವಿತ್ತೋ ಏನೋ, ಹೊರಗೆ ಒಂದೇ ಗದ್ದಲ. ನನಗೆ ಮಾತ್ರ ಕಣ್ಣೆಲ್ಲ ಆ ಬಟ್ಟೆಯ ಮೇಲೆ.

ರಕ್ತನಾಳಗಳ ಕೆಂಪು ನೀಲಿ ಅಪ್ಪ ಮುಗಿಸಿದ್ದರು. ನರಗಳಿಗೆ ಹಳದಿ. ನಿಂಬೆಯ ಹಳದಿಯಲ್ಲ, ಬೆಣ್ಣೆಯ ಹಳದಿ; ಅದನ್ನು ಕಲಸಲು ಅವರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಎಷ್ಟೋ ದಿನ ಗೋಗರೆದ ಮೇಲೆ ಆವತ್ತು ಸಣ್ಣ ಕುಂಚವೊಂದನ್ನು ನನ್ನ ಕೈಗೆ ಕೊಟ್ಟು, ತೋಳಿನ ಕೆಳಭಾಗದ ಗೆರೆಗಳನ್ನು ತುಂಬು, ಗೆರೆ ಬಿಟ್ಟು ಹೋಗಬೇಡ ಎಂದರು. ಪಕ್ಕದಲ್ಲೇ ಕೂತು ನೋಡುತ್ತಿದ್ದರು. ನಡುವೆ ಯಾರೋ ಕರೆದರೆಂದು ಎದ್ದು ಹೋದರು. ನಾನು ಒಬ್ಬಳೇ ತುಂಬುತ್ತಾ ಹೋದೆ. ತೋಳನ್ನು ಮಡಿಸುವ ನರ ಒಂದು ಹೊರಬದಿಯಲ್ಲಿ, ಅಂಗೈಗೆ ಹೋಗುವ ನಡುನರ ಒಂದು ಒಳಬದಿಯಲ್ಲಿ. ಎರಡರ ನಡುವೆ ಓರೆಯಾಗಿ ಇಳಿಯುವ ತೆಳ್ಳನೆಯ ಕವಲೊಂದನ್ನು ಬಳಿದದ್ದು ನನಗೆ ಚೆನ್ನಾಗಿ ನೆನಪಿದೆ. ಅದರ ಕೆಳಗೆ ಮಸುಕು ಗೆರೆ ಇತ್ತೋ ಇಲ್ಲವೋ ಎಂಬುದು ನೆನಪಿಲ್ಲ. ಅಪ್ಪ ವಾಪಸು ಬಂದು ನೋಡಿ, ಭೇಷ್ ಎಂದು, ನನ್ನ ಮೂಗಿಗೆ ಹತ್ತಿದ ಹಳದಿಯನ್ನು ಒರೆಸಿದರು.

ಪರೀಕ್ಷಕರು ಬಂದ ದಿನ ಚಿತ್ರ ವಾರ್ನಿಷು ಹೊಳೆಯುತ್ತಾ ಗೋಡೆಯ ಮೇಲಿತ್ತು. ವರ್ಷದ ಪಾಠ ಮುಗಿದು ಗಾಜಿನಾಚೆಯ ಹಾಲು ಖಾಲಿಯಾಗಿ, ದೇಹಗಳನ್ನೆಲ್ಲ ಮಣ್ಣಿಗೆ ಕಳಿಸಿ ವಾರವಾಗಿತ್ತು. ನಾನು ಶಾಲೆಯಿಂದ ಬಂದವಳು ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ಪಾಠದ ಹಾಲಿನೊಳಗೆ ಇಣುಕಿದೆ. ಹೊಗಳಿಕೆ ಕೇಳಬಹುದು ಎಂಬ ಆಸೆ. ಹೊರಗಿನ ಪರೀಕ್ಷಕರು ಕೋಲು ಹಿಡಿದು ಚಿತ್ರವನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದು ಆ ಓರೆ ಕವಲಿನ ಮೇಲೆ ಕೋಲು ನಿಲ್ಲಿಸಿದರು. ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ಜೊತೆಗಿದ್ದವರು ನಕ್ಕರು. ದೊಡ್ಡ ಮೇಷ್ಟ್ರ ಮುಖ ಕೆಂಪಾಯಿತು. ಇದೇನ್ರೀ ಎಂದು ಅಪ್ಪನ ಕಡೆ ತಿರುಗಿದರು.

ಉತ್ತರ ಕೊಡುವ ಮೊದಲು ಅಪ್ಪ ಒಮ್ಮೆ ನನ್ನ ಕಡೆ ನೋಡಿದರು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಅದು ಇತ್ತು ಸರ್. ನಾನು ನೋಡಿ ಬರೆದಿದ್ದೀನಿ" ಎಂದರು.

ಹಾಗಾದರೆ ಹಾಳೆ ತನ್ನಿ ಎಂದರು ಮೇಷ್ಟ್ರು. ಅಪ್ಪ ಕೋಣೆಗೆ ಬಂದು ಕಟ್ಟು ಬಿಚ್ಚಿದರು. ಒಂದು, ಎರಡು, ನಾಲ್ಕು, ಐದು ಇದ್ದವು. ಮೂರನೆಯದು ಇರಲಿಲ್ಲ. ಚೌಕ ಹಾಕಿ ಹಿಗ್ಗಿಸಿದ ಹಾಳೆಗಳಲ್ಲಿ ಅವರು ಆಗಲೇ ಕುಂಚ ಒರೆಸಿ ಎಸೆದಿದ್ದರು. ಮೇಷ್ಟ್ರು ಚಿಮಟದಣ್ಣನನ್ನು ಕರೆದು ಕೇಳಿದರು. ಆ ವರ್ಷ ಅವನ ಕೈಯಲ್ಲಿ ಇಪ್ಪತ್ತನಾಲ್ಕು ತೋಳುಗಳು ಹಾದುಹೋಗಿದ್ದವು. ಹಾಳೆಯಲ್ಲಿ ನನ್ನ ಗುರುತು ಇದ್ದರೆ ಅದು ಇತ್ತು, ಇಲ್ಲದಿದ್ದರೆ ಇರಲಿಲ್ಲ, ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ ಎಂದ. ಅವನ ಮೇಲೆ ನನಗೆ ಆಗ ಕೆಂಡದಂಥ ಸಿಟ್ಟು ಬಂದಿತ್ತು. ಈಗ ಇಲ್ಲ.

ಮರುದಿನವೇ ಆ ಕವಲನ್ನು ಮುಚ್ಚಬೇಕೆಂದು ಅಪ್ಪಣೆಯಾಯಿತು. ಅಪ್ಪ ಏಣಿ ಹತ್ತಿದರು. ನನ್ನ ಶಾಲೆಯ ಬಣ್ಣದ ಪೆಟ್ಟಿಗೆಯನ್ನು, ನೀರು ಹಾಕಿ ಕಲಸುವ ಆ ಪುಟ್ಟ ಬಿಲ್ಲೆಗಳ ಪೆಟ್ಟಿಗೆಯನ್ನು, ಕೇಳಿ ತೆಗೆದುಕೊಂಡರು. ಸ್ನಾಯುವಿನ ಕೆಂಪುಕಂದು ಬಣ್ಣವನ್ನು ಅದರಲ್ಲೇ ಕಲಸಿ ಹಳದಿಯ ಮೇಲೆ ಸವರಿದರು. ಕೆಲಸದ ಬಣ್ಣದ ಡಬ್ಬಿಗಳು ಪಕ್ಕದಲ್ಲೇ ಇರುವಾಗ ಇದೇಕೆ ಎಂದು ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಅಪ್ಪ ನುಂಗಿಕೊಳ್ಳುತ್ತಿದ್ದರು. ಆದರೆ ಪಾಠದ ಹಾಲಿನಲ್ಲಿ ಯಾವ ವಿದ್ಯಾರ್ಥಿ ಏನು ತಪ್ಪು ಹೇಳಿದರೂ ದೊಡ್ಡ ಮೇಷ್ಟ್ರು, "ಇದೇನಪ್ಪ, ಚಿತ್ರದವರ ನರಾನಾ?" ಎನ್ನತೊಡಗಿದರು. ನೂರು ಹುಡುಗರು ಹೋ ಎಂದು ನಗುವುದು ಪಕ್ಕದ ಕೋಣೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಪ್ಪ ಕುಂಚ ತೊಳೆಯುವ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಡುತ್ತಿದ್ದರು. ನಾಲ್ಕನೇ ತಿಂಗಳು ಕೆಲಸ ಬಿಟ್ಟರು. ಹಳದಿ ನೂಲಿನ ಉಂಡೆ, ಎರಡು ಕುಂಚ, ಚಹಾದ ಲೋಟ ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ಚಿಮಟದಣ್ಣ ಗೇಟಿನವರೆಗೂ ಜೊತೆಗೆ ನಡೆದು ಬಂದ.

ಮುಂದೆ ನಾವು ಸಂತೆಬೀದಿಯ ಹಿಂದೆ ನೆಲಮಾಳಿಗೆ ಇದ್ದ ಮನೆಗೆ ಬಂದೆವು. ಅಪ್ಪ ಅಂಗಡಿಗಳ ಬೋರ್ಡು ಬರೆಯುವ ಕೆಲಸಕ್ಕೆ ಇಳಿದರು. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದರು, ಬೋರ್ಡಿನ ಬಲಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣದಾಗಿ ತಮ್ಮ ಸಹಿ ಹಾಕುತ್ತಿದ್ದರು. ಊರಿನ ಅರ್ಧ ಅಂಗಡಿಗಳ ಮೇಲೆ ಅವರ ಕೈ ಇತ್ತು. ಆದರೆ ಮನುಷ್ಯನ ಮೈಯನ್ನು ಮತ್ತೆ ಬರೆಯಲಿಲ್ಲ. ಹಲ್ಲಿನ ಡಾಕ್ಟರು ಬೋರ್ಡಿನ ಪಕ್ಕ ಒಂದು ಹಲ್ಲು ಬರೆದುಕೊಡಿ ಎಂದು ಎಷ್ಟು ಕೇಳಿಕೊಂಡರೂ, ನನ್ನದು ಬರೀ ಅಕ್ಷರ ಎಂದು ಕಳಿಸಿಬಿಟ್ಟರು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸಕ್ಕೂ ಕಲ್ಲು ಬಿತ್ತು. ಆಮೇಲೆ ಗಾಡಿಗಳ ನಂಬರು, ಮನೆಗಳ ಗೇಟಿನ ಹೆಸರು. ಕೊನೆಗೆ ಅದೂ ಇಲ್ಲ.

ನಾನು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವಳಾದೆ. ಅಳೆಯದ ಗೆರೆಯನ್ನು ನಾನು ಎಳೆದದ್ದಿಲ್ಲ. ಎಳೆದದ್ದನ್ನೂ ಮೂರು ಸಲ ಅಳೆದು ನೋಡುತ್ತೇನೆ. ಜೊತೆಯವರು ನನಗೆ ‘ಮೂರಳತೆ ಮೇಡಂ’ ಎಂದು ಹೆಸರಿಟ್ಟಿದ್ದಾರೆ. ಅವರಿಗೇನು ಗೊತ್ತು. ಒಂಬತ್ತನೇ ವಯಸ್ಸಿನಲ್ಲಿ ನಾನು ಇಲ್ಲದ ಗೆರೆಯೊಂದನ್ನು ಎಳೆದು ಅಪ್ಪನ ಅನ್ನಕ್ಕೆ ಕಲ್ಲು ಹಾಕಿದೆ, ಅವರು ನನ್ನನ್ನು ಉಳಿಸಲು ಎಲ್ಲರೆದುರು ಸುಳ್ಳು ಹೇಳಿದರು ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಒಂದೇ ಒಂದು ಸಲ ಕೇಳಬಹುದಿತ್ತು. ನಲವತ್ತೊಂದು ವರ್ಷ ಒಂದೇ ಮನೆಯಲ್ಲಿ ಕೂತು ಉಂಡರೂ ಕೇಳಲಿಲ್ಲ. ಹೌದು, ನೀನೇ ಎಂದುಬಿಟ್ಟರೆ ಎಂಬ ಭಯ.

ಕಳೆದ ವರ್ಷ ಕಚೇರಿಯಲ್ಲಿ ಮೇಲಿನ ಕಪಾಟಿನಿಂದ ನಕ್ಷೆ ತೆಗೆಯಲು ಸ್ಟೂಲು ಹತ್ತಿ ಬಿದ್ದೆ. ಬಲ ಮಣಿಕಟ್ಟು ಮುರಿಯಿತು. ಲೋಹದ ತಟ್ಟೆ ಕೂರಿಸಬೇಕು, ತೋಳನ್ನು ಮಾತ್ರ ಮರಗಟ್ಟಿಸಿದರೆ ಸಾಕು ಎಂದರು. ಅರಿವಳಿಕೆ ಡಾಕ್ಟರು ಚಿಕ್ಕ ವಯಸ್ಸಿನವಳು, ನಗುಮುಖದವಳು. ಕಂಕುಳಿನ ಬಳಿ ಸ್ಕ್ಯಾನ್ ಯಂತ್ರದ ಹಿಡಿಯನ್ನು ಒತ್ತಿ ಪರದೆ ನೋಡುತ್ತಾ, ಪಕ್ಕದಲ್ಲಿ ನಿಂತ ಕಲಿಯುವ ಹುಡುಗಿಗೆ ತೋರಿಸುತ್ತಿದ್ದಳು. ಇದು ರಕ್ತನಾಳ, ಅದರ ಸುತ್ತ ನರಗಳು, ಇದೊಂದು ದೂರ ಸರಿದಿದೆ, ಎಲ್ಲದರ ಸುತ್ತ ಔಷಧಿ ಬೀಳಬೇಕು. ಆಮೇಲೆ ಆ ಹಿಡಿಯನ್ನು ತೋಳಿನ ಕೆಳಕ್ಕೆ ಜಾರಿಸುತ್ತಾ, "ಚಿತ್ರದವರ ನರ ಇದ್ಯಾ ನೋಡು... ಇಲ್ಲ, ಇವರಿಗಿಲ್ಲ" ಎಂದಳು.

ಇಷ್ಟು ವರ್ಷವಾದ ಮೇಲೂ ನಮ್ಮಪ್ಪನನ್ನು ಆಡಿಕೊಂಡು ನಗುತ್ತಿದ್ದಾರಲ್ಲ ಎಂದು ರೋಷ ಉಕ್ಕಿತು. ಅಂಗಾತ ಮಲಗಿದವಳ ರೋಷಕ್ಕೆ ಬೆಲೆ ಎಲ್ಲಿ? ಆದರೂ ಬಿಡದೆ, ಯಾರಮ್ಮ ಚಿತ್ರದವರು, ಅವರ ಮೇಲೇಕೆ ನಿಮಗಿಷ್ಟು ತಮಾಷೆ ಎಂದು ಕೇಳಿದೆ. ಡಾಕ್ಟರು ತಬ್ಬಿಬ್ಬಾದಳು. ತಮಾಷೆಯಲ್ಲ, ಅದಕ್ಕೆ ನಮ್ಮ ಕಾಲೇಜಿನಲ್ಲಿ ಹೆಸರೇ ಅದು, ಅದು ಇರುವವರಿಗೆ ಮರಗಟ್ಟುವುದು ಕೆಲವೊಮ್ಮೆ ಅರೆಬರೆಯಾಗುತ್ತದೆ, ಅದಕ್ಕೇ ಹುಡುಕುತ್ತೇವೆ ಎಂದಳು. ಪಾಠದ ಹಾಲಿನ ಹಳೇ ಚಿತ್ರದಲ್ಲಿ ಇದೆ ಎಂದೂ ಸೇರಿಸಿದಳು. ಅಷ್ಟರಲ್ಲಿ ನನ್ನ ಕೈ ಮರಗಟ್ಟಿ ನನ್ನದಲ್ಲದಂತಾಗಿತ್ತು.

ಚಿತ್ರದಲ್ಲಿ ಅದು ಇರಲು ಸಾಧ್ಯವೇ ಇರಲಿಲ್ಲ. ಅಪ್ಪ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಪಟ್ಟಿ ಬಿಚ್ಚಿದ ವಾರವೇ ಅಪ್ಪನಿಗೆ ಹೇಳದೆ ಕಾಲೇಜಿಗೆ ಹೋದೆ. ನಲವತ್ತೊಂದು ವರ್ಷದ ನಂತರ ಆ ಮೆಟ್ಟಿಲು. ಅಪ್ಪನ ಕೋಣೆಯಲ್ಲಿ ಈಗ ಹಳೆಯ ಕುರ್ಚಿಗಳನ್ನು ಪೇರಿಸಿದ್ದರು, ಮಬ್ಬು ಗಾಜಿನ ಬಾಗಿಲು ಮಾತ್ರ ಅದೇ. ನಲ್ಲಿಯ ಕೆಳಗಿನ ಕಲ್ಲಿನಲ್ಲಿ ಬಣ್ಣದ ಕಲೆ ಇನ್ನೂ ಇತ್ತು. ಪಾಠದ ಮೇಡಂ ಒಬ್ಬರು ಸಿಕ್ಕರು. ನಾನು ಯಾರೆಂದು ಹೇಳಿದೆ. ಅವರು ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟು ನನ್ನನ್ನು ಹಾಲಿಗೆ ಕರೆದುಕೊಂಡು ಹೋದರು.

ಚಿತ್ರ ಅಲ್ಲೇ ಇತ್ತು. ವಾರ್ನಿಷು ಕಂದಿತ್ತು, ಅಂಚು ಹರಿದಿತ್ತು. ತೋಳಿನ ನಡುವೆ ಓರೆಯಾಗಿ ಇಳಿಯುವ ತೆಳ್ಳನೆಯ ಹಳದಿ ಕವಲು, ನನ್ನ ಕೈಯ ಹಳದಿ, ಎಲ್ಲರಿಗೂ ಕಾಣುವಂತೆ ಇತ್ತು. ಅದರ ಪಕ್ಕ ದೊಡ್ಡ ಮೇಷ್ಟ್ರ ಅಕ್ಷರದಲ್ಲಿ ಒಂದು ಚೀಟಿ: ‘ಕೆಲವರಲ್ಲಿ ಹೀಗೂ ಇರುತ್ತದೆ.’ ಚಿತ್ರದ ಕೆಳಗೆ ಗಾಜಿನ ಚೌಕಟ್ಟಿನಲ್ಲಿ ಒಂದು ತೆಳು ಹಾಳೆ. ಮೂರನೆಯ ಹಾಳೆ.

ಮೇಡಂ ಆ ಕಥೆಯನ್ನು ಹೇಳಿದರು. ಅಪ್ಪ ಕೆಲಸ ಬಿಟ್ಟ ಮರುವರ್ಷ ದೊಡ್ಡ ಮೇಷ್ಟ್ರು ತೋಳಿನ ಪಾಠಕ್ಕೆಂದು ತಮ್ಮ ದಪ್ಪ ಪುಸ್ತಕ ತೆರೆದರೆ ಅದೇ ಅಧ್ಯಾಯದಲ್ಲಿ ಈ ಹಾಳೆ ಸಿಕ್ಕಿತಂತೆ. ಹೋಲಿಸಿ ನೋಡಲೆಂದು ತಾವೇ ಅಪ್ಪನ ಕೋಣೆಯಿಂದ ತಂದು, ಪುಟದ ಗುರುತಿಗೆ ಇಟ್ಟು, ಮರೆತಿದ್ದರು. ಚಿಮಟದಣ್ಣನನ್ನು ಕರೆದು ತೋರಿಸಿದರು. ಅವನು ಓರೆ ಕವಲಿನ ಪಕ್ಕದ ಗುರುತನ್ನು ನೋಡಿ, ಹೋಗಿ ಬಟ್ಟೆ ಒದ್ದೆ ಮಾಡಿಕೊಂಡು ಬಂದು ಏಣಿ ಹತ್ತಿ ಒರೆಸಿದನಂತೆ. ಕೆಂಪುಕಂದು ಒಂದೇ ಒರೆಸಿಗೆ ಬಂದುಬಿಟ್ಟಿತು. ವಾರ್ನಿಷಿನ ಕೆಳಗೆ ಹಳದಿ ಹಾಗೇ ಇತ್ತು. ಆಗ ನನಗೆ ನನ್ನ ಶಾಲೆಯ ಬಣ್ಣದ ಪೆಟ್ಟಿಗೆ ನೆನಪಾಯಿತು.

ಅಲ್ಲಿಂದಾಚೆ ಮೇಷ್ಟ್ರೂ ಚಿಮಟದಣ್ಣನೂ ನಿವೃತ್ತಿಯವರೆಗೆ ಬಿಡಿಸಿದ ಪ್ರತಿ ತೋಳನ್ನೂ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟರು. ಆರೇಳು ತೋಳಿಗೆ ಒಂದರಲ್ಲಿ ಆ ಕವಲು ಸಿಕ್ಕಿತು. ಪ್ರತಿ ವರ್ಷ ತೋಳಿನ ಮೊದಲ ಪಾಠದ ದಿನ ಮೇಷ್ಟ್ರು ಅದರ ಮೇಲೆ ಕೋಲಿಟ್ಟು, ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳುತ್ತಿದ್ದರಂತೆ. ಮಕ್ಕಳು ಪುಸ್ತಕವೆಲ್ಲ ತಡಕಿ ಸೋತ ಮೇಲೆ, ಹೋಗಿ ಮೇಜಿನ ಮೇಲೆ ಹುಡುಕಿ, ಚಿತ್ರದವರು ಅಲ್ಲೇ ಹುಡುಕಿದ್ದು ಎನ್ನುತ್ತಿದ್ದರಂತೆ. ಈಗ ಅವರಿಬ್ಬರೂ ಇಲ್ಲ.

ನಾನು ಕರಗಿ ನೀರಾದೆ ಎಂದುಕೊಂಡರೆ ತಪ್ಪು. ನಮ್ಮಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹಳೆಯ ಮನೆಗೆ ಪತ್ರ ಬರೆದಿದ್ದೆ, ವಾಪಸು ಬಂತು ಎಂದು ಮೇಷ್ಟ್ರು ಹೇಳುತ್ತಿದ್ದರಂತೆ. ಕಾಲೇಜಿನ ಗೇಟಿನ ಎದುರಿಗಿದ್ದ ಔಷಧಿ ಅಂಗಡಿಯ ಬೋರ್ಡು ಅಪ್ಪನದು. ಬಲಮೂಲೆಯಲ್ಲಿ ಸಹಿ ಇತ್ತು. ಅಂಗಡಿಯವನನ್ನು ಒಂದು ಮಾತು ಕೇಳಿದ್ದರೆ ಮನೆಯ ಬಾಗಿಲವರೆಗೆ ದಾರಿ ತೋರಿಸುತ್ತಿದ್ದ. ನೂರು ನೂರು ಮಕ್ಕಳ ಮುಂದೆ ವರ್ಷ ವರ್ಷ ತಪ್ಪು ಒಪ್ಪಿಕೊಂಡ ಮನುಷ್ಯನಿಗೆ ಒಬ್ಬನ ಮುಂದೆ ಒಪ್ಪಿಕೊಳ್ಳಲು ಕಾಲು ಬರಲಿಲ್ಲ. ಇದನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಸದ್ಯಕ್ಕಿಲ್ಲ.

ಚೌಕಟ್ಟಿನ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಪೆನ್ಸಿಲ್ ಗೆರೆ ಇತ್ತು. ಅದರ ಪಕ್ಕ ಸೊನ್ನೆ, ಸೊನ್ನೆಯೊಳಗೆ ಚುಕ್ಕಿ. ಕೆಳಗೆ ಅಪ್ಪನ ಸಣ್ಣ ಅಕ್ಷರದಲ್ಲಿ, ‘ಕಂಕುಳಿನಿಂದ ಆರು ಬೆರಳು’. ನಾನು ಗೆರೆ ಬಿಟ್ಟು ಹೋಗಿರಲಿಲ್ಲ. ಮೇಡಂ ನನಗೆ ಕುರ್ಚಿ ತಂದುಕೊಟ್ಟು, ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡುತ್ತಾ ನಿಂತರು.

ಅಪ್ಪನಿಗೆ ಈಗ ಎಂಬತ್ತರ ಹತ್ತಿರ. ಕಣ್ಣಿನ ನಡುನೋಟ ಹೋಗಿದೆ, ಎದುರಿನದು ಕಾಣುವುದಿಲ್ಲ, ಅಂಚಿನದು ಕಾಣುತ್ತದೆ. ಫೋಟೋ ತೆಗೆದು ತಂದರೂ ಉಪಯೋಗವಿರಲಿಲ್ಲ. ದಾರಿಯಲ್ಲಿ ಅಂಗಡಿಗೆ ಹೋಗಿ ಹಳದಿ ಉಣ್ಣೆ ನೂಲು ಕೊಂಡೆ. ಅಂಗಡಿಯವಳು ತೋರಿಸಿದ ಐದು ಹಳದಿಯಲ್ಲಿ ಬೆಣ್ಣೆಯದನ್ನು ಆರಿಸಿದೆ.

ಸಂಜೆಯ ಬೆಳಕಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಅಂಗಿಯ ತೋಳು ಮಡಿಸಿದೆ. ಏನೇ ಇದು ಎಂದರು. ನೂಲು ಎಂದೆ. ನಕ್ಕು ಕೈ ಚಾಚಿದರು. ಕತ್ತಿನಿಂದ ಐದು ಎಳೆ ಇಳಿಸಿದೆ, ಮೂರು ಮಾಡಿದೆ, ಆರು ಮಾಡಿದೆ, ಮತ್ತೆ ಮೂರು ಮಾಡಿದೆ. ಕಂಕುಳಿಗೆ ಬಂದಾಗ ಅವರಿಗೂ ಕಚಗುಳಿಯಾಯಿತು. ಹೊರಬದಿಯ ನರ, ಒಳಬದಿಯ ನಡುನರ. ಕೊನೆಗೆ ಒಂದು ಸಣ್ಣ ತುಂಡು ಕತ್ತರಿಸಿ ಎರಡರ ನಡುವೆ ಓರೆಯಾಗಿ ಇಟ್ಟೆ. ಬಹಳ ಮೇಲೆ ಇಟ್ಟಿದ್ದೆ.

ಅಪ್ಪ ಬೆರಳಿನಿಂದ ಅದನ್ನು ಮುಟ್ಟಿ ನೋಡಿದರು. ಎಡಗೈಯ ಬೆರಳುಗಳನ್ನು ಕಂಕುಳಿನಿಂದ ಒಂದರ ಕೆಳಗೊಂದು ಇಟ್ಟು ಎಣಿಸಿ ಆ ತುಂಡನ್ನು ಕೆಳಕ್ಕೆ ಜಾರಿಸಿದರು. ಆರು ಬೆರಳು. ಗೋಡೆಯ ಚಿತ್ರ ಕೈಯ ಎರಡರಷ್ಟು ದೊಡ್ಡದು, ಅಲ್ಲಿ ಎಣಿಸಿದರೆ ಹನ್ನೆರಡಾಗುತ್ತದೆ. ಆರು ಬೆರಳು ಇದ್ದದ್ದು ಮೇಜಿನ ಮೇಲಿನ ಕೈಯಲ್ಲಿ, ಅದನ್ನು ನೋಡಿ ಬರೆದ ಹಾಳೆಯಲ್ಲಿ ಮಾತ್ರ. ಅವರ ಬೆರಳುಗಳಿಗೆ ಅದು ಮರೆತಿರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಅರಿವಳಿಕೆ ಡಾಕ್ಟರು, ಪಾಠದ ಹಾಲು, ಚೀಟಿ, ದಪ್ಪ ಪುಸ್ತಕ, ಚಿಮಟದಣ್ಣನ ಗುರುತು. ಆಮೇಲೆ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿದೆ.

"ಆ ಗೆರೆಗೆ ಬಣ್ಣ ಹಾಕಿದ್ದು ನಾನು, ಅಪ್ಪ. ಕೆಳಗೆ ಪೆನ್ಸಿಲ್ ಇತ್ತೋ ಇಲ್ವೋ ನನಗೆ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ ಕಣೇ" ಎಂದರು ಅಪ್ಪ.

ನನಗೆ ಅರ್ಥವಾಗಲಿಲ್ಲ.

"ಐದು ಹಾಳೆ, ನೂರು ಗೆರೆ. ಅದೊಂದು ನೆನಪಿಗೇ ಬರಲಿಲ್ಲ. ನೀನೇ ಎಳೆದುಬಿಟ್ಟಿದ್ದೀಯ ಅಂದ್ಕೊಂಡೆ. ಅದಕ್ಕೇ ಕೆರೆದು ತೆಗೆಯೋಕೆ ಮನಸ್ಸು ಬರಲಿಲ್ಲ, ನೀರುಬಣ್ಣ ಹಾಕಿದೆ."

"ಮತ್ತೆ ನೋಡಿ ಬರೆದಿದ್ದೀನಿ ಅಂದ್ರಲ್ಲ?"

"ನೀನು ಬಾಗಿಲಲ್ಲಿ ನಿಂತಿದ್ದೆ" ಎಂದರು. "ನನಗೆ ಯಾರ ಮುಖಾನೂ ನೆನಪಿರಲ್ಲ. ಅವತ್ತಿನ ನಿನ್ನ ಮುಖ ನೆನಪಿದೆ" ಎಂದರು.

ಆ ತುಂಡು ನೂಲಿನ ಮೇಲೆ ಅವರ ಬೆರಳು ಹಾಗೇ ಇತ್ತು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಹಾಗಾದ್ರೆ ಅವತ್ತು ನಾನು ಸುಳ್ಳು ಹೇಳಿರಲಿಲ್ಲ" ಎಂದರು ಅಪ್ಪ. ನನ್ನನ್ನು ಕೇಳಿದ್ದೋ, ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಇಲ್ಲ ಅಪ್ಪ, ಹೇಳಿರಲಿಲ್ಲ ಎಂದೆ. ಅವರು ತೋಳನ್ನು ಅಲುಗಿಸದೆ, ನೂಲು ಚೆದುರದ ಹಾಗೆ, ಕತ್ತಲಾಗುವವರೆಗೂ ಕೂತಿದ್ದರು.